ಅಪರಾಧ ನ್ಯಾಯ ವಿಷಯದ ಸರ್ಟಿಫಿಕೇಟ್ ಕೋರ್ಸು: ವೆಚ್ಚ ಮತ್ತು ಗಳಿಕೆಯ ತುಲನೆ

(ಚಿಂತಾಮಣಿ ತಾಲ್ಲೂಕು ಕೆಂಚಾರ್ಲಹಳ್ಳಿ ಹಾಗೂ ಸುತ್ತಲಿನ ಗ್ರಾಮಗಳ ಅಭ್ಯರ್ಥಿಗಳ ಮತ್ತು ಪೋಷಕರ ಮಾಹಿತಿಗಾಗಿ)

ಪೀಠಿಕೆ

ಅಪರಾಧ ನ್ಯಾಯ ವ್ಯವಸ್ಥೆ ಎಂದರೆ ಪೊಲೀಸ್, ಅಭಿಯೋಜನೆ, ನ್ಯಾಯಾಲಯ ಮತ್ತು ಕಾರಾಗೃಹ ಎಂಬ ನಾಲ್ಕು ಅಂಗಗಳು ಒಟ್ಟುಗೂಡಿ ನಡೆಯುವ ವ್ಯವಸ್ಥೆ. ಈ ವಿಷಯದಲ್ಲಿ ಆರು ತಿಂಗಳಿಂದ ಒಂದು ವರ್ಷದ ಅವಧಿಯ ಸರ್ಟಿಫಿಕೇಟ್ ಹಾಗೂ ಡಿಪ್ಲೊಮಾ ಕೋರ್ಸುಗಳನ್ನು ಮುಕ್ತ ವಿಶ್ವವಿದ್ಯಾನಿಲಯಗಳೂ ಖಾಸಗಿ ಸಂಸ್ಥೆಗಳೂ ನಡೆಸುತ್ತವೆ. ಪಿ.ಯು.ಸಿ. ಅಥವಾ ಪದವಿ ಮುಗಿಸಿ ಪೊಲೀಸ್ ಕೆಲಸದ ಆಸೆಯಿಟ್ಟುಕೊಂಡಿರುವ ಗ್ರಾಮೀಣ ಯುವಕ ಯುವತಿಯರಿಗೆ ಇಂತಹ ಕೋರ್ಸಿನ ಹೆಸರೇ ಉದ್ಯೋಗದ ಭರವಸೆಯಂತೆ ತೋರುವುದು ಸಹಜ.

ರೇಷ್ಮೆ, ಟೊಮೇಟೊ ಹಾಗೂ ಹಾಲಿನ ವರಮಾನವನ್ನು ನಂಬಿರುವ ಕುಟುಂಬಕ್ಕೆ ಕೋರ್ಸಿನ ಶುಲ್ಕ ಸಣ್ಣ ಮೊತ್ತವಲ್ಲ. ಆದುದರಿಂದ ಹಣ ಕಟ್ಟುವುದಕ್ಕೆ ಮೊದಲು ಈ ಪ್ರಮಾಣಪತ್ರಕ್ಕೆ ಒಟ್ಟು ಎಷ್ಟು ವೆಚ್ಚವಾಗುತ್ತದೆ, ಅದರಿಂದ ಯಾವ ಹುದ್ದೆಗೆ ಅರ್ಹತೆ ದೊರೆಯುತ್ತದೆ, ಹಾಕಿದ ಹಣ ಮರಳಿ ಬರಲು ಎಷ್ಟು ಕಾಲ ಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅವಶ್ಯಕ. ಈ ಪ್ರಶ್ನೆಗಳನ್ನು ಕೆಳಗೆ ಒಂದೊಂದಾಗಿ ವಿವರಿಸಲಾಗಿದೆ.

1. ಪ್ರಮಾಣಪತ್ರವನ್ನು ಯಾರು ನೀಡುತ್ತಾರೆ ಎಂಬುದರ ಪರಿಶೀಲನೆ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 1956ರ ಅಧಿನಿಯಮದಂತೆ ಪದವಿ ನೀಡುವ ಅಧಿಕಾರ ಕಾನೂನುಬದ್ಧವಾಗಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೂ ಅಧಿಕಾರ ಪಡೆದ ಇತರ ಸಂಸ್ಥೆಗಳಿಗೂ ಮಾತ್ರ ಇರುತ್ತದೆ. 'ಸರ್ಟಿಫಿಕೇಟ್' ಎಂಬ ಪದಕ್ಕೆ ಇಂತಹ ರಕ್ಷಣೆ ಇಲ್ಲ. ಬಾಡಿಗೆಯ ಕೊಠಡಿಯೊಂದರಲ್ಲಿ ನಡೆಯುವ ಸಂಸ್ಥೆಯೂ ಸರ್ಟಿಫಿಕೇಟ್ ಎಂಬ ಹೆಸರಿನ ಕಾಗದವನ್ನು ಮುದ್ರಿಸಿ ನೀಡಬಹುದು. ಆದುದರಿಂದ ಕಾಗದದ ಬೆಲೆ ನಿರ್ಧಾರವಾಗುವುದು ನೀಡಿದ ಸಂಸ್ಥೆಯಿಂದಲೇ ಹೊರತು ಅದರ ಮೇಲಿನ ಶೀರ್ಷಿಕೆಯಿಂದಲ್ಲ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ) 1985ರಲ್ಲಿ ಸ್ಥಾಪನೆಯಾಯಿತು. ಅದರ ಕಾನೂನು ವಿಭಾಗವು ಅಪರಾಧ ನ್ಯಾಯ ವಿಷಯದಲ್ಲಿ ಪದವೀಧರರಿಗಾಗಿ ಸ್ನಾತಕೋತ್ತರ ಡಿಪ್ಲೊಮಾವನ್ನೂ, ಮಾನವ ಹಕ್ಕುಗಳ ವಿಷಯದಲ್ಲಿ ಪಿ.ಯು.ಸಿ. ತೇರ್ಗಡೆಯಾದವರಿಗೆ ಸರ್ಟಿಫಿಕೇಟ್ ಕೋರ್ಸನ್ನೂ ರೂಪಿಸಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಮಕ್ಕಳ ಹಕ್ಕುಗಳು, ಸೈಬರ್ ಕಾನೂನು ಮುಂತಾದ ವಿಷಯಗಳಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾಗಳನ್ನು ನಡೆಸಿಕೊಂಡು ಬಂದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ನ್ಯಾಯವಿಜ್ಞಾನ ವಿಭಾಗವಿದೆ. ಯಾವ ವರ್ಷ ಯಾವ ಕೋರ್ಸಿಗೆ ಪ್ರವೇಶಾವಕಾಶವಿದೆ ಹಾಗೂ ಶುಲ್ಕ ಎಷ್ಟು ಎಂಬುದನ್ನು ಆಯಾ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿಯೇ ನೋಡತಕ್ಕದ್ದು.

ಮಾನ್ಯತೆಯನ್ನು ಆ ವರ್ಷಕ್ಕೆ ಅನ್ವಯಿಸಿ ಪರಿಶೀಲಿಸುವುದೂ ಅಗತ್ಯ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿ ರಾಜ್ಯ ಶಾಸನದಿಂದಲೇ ಸ್ಥಾಪಿತವಾದುದು. ಆದರೂ 2015ರಲ್ಲಿ ಧನಸಹಾಯ ಆಯೋಗವು ಅದರ ಕೋರ್ಸುಗಳ ಮಾನ್ಯತೆಯನ್ನು 2012-13ರ ನಂತರದ ಅವಧಿಗೆ ಹಿಂದೆಗೆದುಕೊಂಡಿತು. 2018ರಲ್ಲಿ ಮಾನ್ಯತೆ ಪುನಃ ದೊರೆಯಿತು. ನಡುವಣ ವರ್ಷಗಳಲ್ಲಿ ಪ್ರವೇಶ ಪಡೆದಿದ್ದವರು ತೊಂದರೆಗೆ ಒಳಗಾದರು. ಸಂಸ್ಥೆಯ ಹೆಸರು ಪರಿಚಿತ ಎಂಬ ಮಾತ್ರಕ್ಕೆ ಪರಿಶೀಲನೆಯನ್ನು ಕೈಬಿಡಬಾರದು ಎಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

2. ಪಠ್ಯಕ್ರಮ ಹೊಸ ಕಾನೂನಿನದ್ದೇ?

ದಿನಾಂಕ 1-7-2024ರಿಂದ ದೇಶದಲ್ಲಿ ಮೂರು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಿವೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ (358 ಕಲಮುಗಳು), 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (531 ಕಲಮುಗಳು) ಹಾಗೂ 1872ರ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ (170 ಕಲಮುಗಳು) ಬಂದಿವೆ. ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ಕೊಲೆಗೆ ಶಿಕ್ಷೆ ವಿಧಿಸುವ ಹಳೆಯ 302ನೇ ಕಲಮು ಈಗ 103ನೇ ಕಲಮಾಗಿದೆ. ವಂಚನೆಗೆ ಸಂಬಂಧಿಸಿದ 420ನೇ ಕಲಮು ಈಗ 318ನೇ ಕಲಮಿನೊಳಗೆ ಸೇರಿದೆ.

ಹಳೆಯ ಪುಸ್ತಕಗಳನ್ನೇ ಆಧರಿಸಿ ಬೋಧಿಸುವ ಕೋರ್ಸಿಗೆ ಶುಲ್ಕ ತೆತ್ತಲ್ಲಿ ಅಭ್ಯರ್ಥಿಯು ಮತ್ತೊಮ್ಮೆ ಕಲಿಯಬೇಕಾಗುತ್ತದೆ. 1-7-2024ಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಅದರ ಪರಿಚಯ ನಿರುಪಯುಕ್ತವೇನೂ ಅಲ್ಲ. ಆದರೆ ಅದೊಂದೇ ಸಾಲದು. ಪ್ರವೇಶಕ್ಕೆ ಮುನ್ನ ಪಠ್ಯಪುಸ್ತಕದ ಮುದ್ರಣ ವರ್ಷವನ್ನೂ ಪರಿವಿಡಿಯನ್ನೂ ನೋಡುವುದು ಸೂಕ್ತ.

3. ಯಾವ ಹುದ್ದೆಗೆ ಯಾವ ಅರ್ಹತೆ

ಪ್ರಮಾಣಪತ್ರದಿಂದ ಗಳಿಕೆ ಹೆಚ್ಚುವುದೇ ಎಂಬುದು ಹುದ್ದೆಯ ನೇಮಕಾತಿ ನಿಯಮವನ್ನು ಅವಲಂಬಿಸಿದೆ. ಮುಖ್ಯ ಹುದ್ದೆಗಳ ವಿವರ ಈ ಕೆಳಕಂಡಂತಿದೆ.

(ಅ) ಪೊಲೀಸ್ ಕಾನ್‌ಸ್ಟೇಬಲ್: ನಾಗರಿಕ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ. ಅಥವಾ ತತ್ಸಮಾನ, ಸಶಸ್ತ್ರ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಎಸ್.ಎಸ್.ಎಲ್.ಸಿ. ವಿದ್ಯಾರ್ಹತೆ ನಿಗದಿಯಾಗಿದೆ. ಆಯ್ಕೆಯು ಲಿಖಿತ ಪರೀಕ್ಷೆ ಹಾಗೂ ದೈಹಿಕ ಪರೀಕ್ಷೆಗಳ ಮೂಲಕ ನಡೆಯುತ್ತದೆ. ಹಿಂದಿನ ಅಧಿಸೂಚನೆಗಳಲ್ಲಿ ನಾಗರಿಕ ಪೊಲೀಸ್ ಹುದ್ದೆಗೆ ಪುರುಷರಿಗೆ 168 ಸೆಂ.ಮೀ. ಹಾಗೂ ಮಹಿಳೆಯರಿಗೆ 157 ಸೆಂ.ಮೀ. ಕನಿಷ್ಠ ಎತ್ತರ, ಪುರುಷರಿಗೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಮುಗಿಸುವ ಷರತ್ತು ಇದ್ದವು. ಅಪರಾಧ ನ್ಯಾಯದ ಸರ್ಟಿಫಿಕೇಟ್ ಇದ್ದರೆ ಓಟದ ಅವಧಿಯಲ್ಲಿ ರಿಯಾಯಿತಿಯಾಗಲಿ, ಲಿಖಿತ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕವಾಗಲಿ ದೊರೆಯುವುದಿಲ್ಲ.

(ಆ) ಪೊಲೀಸ್ ಸಬ್ ಇನ್ಸ್‌ಪೆಕ್ಟರ್: ಯಾವುದೇ ವಿಷಯದ ಮಾನ್ಯತೆ ಪಡೆದ ಪದವಿ ಅಗತ್ಯ. ಪದವಿ ಇಲ್ಲದವರಿಗೆ ಸರ್ಟಿಫಿಕೇಟ್ ಕೋರ್ಸು ಅದಕ್ಕೆ ಬದಲಿಯಾಗದು.

(ಇ) ವಕೀಲ ವೃತ್ತಿ ಮತ್ತು ಅಭಿಯೋಜನೆ: 1961ರ ವಕೀಲರ ಅಧಿನಿಯಮದಂತೆ ಕಾನೂನು ಪದವಿ ಪಡೆದು ವಕೀಲರ ಪರಿಷತ್ತಿನಲ್ಲಿ ನೋಂದಣಿಯಾದವರು ಮಾತ್ರ ವಕಾಲತ್ತು ವಹಿಸಬಹುದು. ದೂರಶಿಕ್ಷಣದ ಮೂಲಕ ಪಡೆದ ಕಾನೂನು ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಆ ಹಕ್ಕನ್ನು ನೀಡುವುದಿಲ್ಲ.

(ಈ) ನ್ಯಾಯವಿಜ್ಞಾನ ಪ್ರಯೋಗಾಲಯ: ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ನ್ಯಾಯವಿಜ್ಞಾನ ತಜ್ಞರು ಅಪರಾಧ ಸ್ಥಳಕ್ಕೆ ಭೇಟಿ ನೀಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ಈ ಕ್ಷೇತ್ರದಲ್ಲಿ ಕೆಲಸ ಹೆಚ್ಚುತ್ತಿರುವುದು ನಿಜ. ಆದರೆ ವೈಜ್ಞಾನಿಕ ಹುದ್ದೆಗಳಿಗೆ ವಿಜ್ಞಾನದ ಪದವಿಯೇ ಆಧಾರ. ವಿಜ್ಞಾನ ಓದಲು ಇಚ್ಛಿಸುವ ಪಿ.ಯು.ಸಿ. ವಿದ್ಯಾರ್ಥಿಯು ಆರು ತಿಂಗಳ ಕೋರ್ಸಿಗಿಂತ ಬಿ.ಎಸ್ಸಿ. ಪದವಿಯ ಮೇಲೆ ಹಣ ಹಾಕುವುದು ಲಾಭಕರ.

(ಉ) ಖಾಸಗಿ ಭದ್ರತಾ ಕೆಲಸ: 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಅಧಿನಿಯಮ ಈ ಕೆಲಸಕ್ಕೆ ಅನ್ವಯಿಸುತ್ತದೆ. ಕಾವಲುಗಾರರಿಗೆ ಬೇಕಾದುದು ಆ ಕಾನೂನಿನಡಿ ನಿಗದಿಯಾದ ತರಬೇತಿ. ಕೇಂದ್ರದ 2006ರ ಮಾದರಿ ನಿಯಮಗಳಂತೆ ಅದು ಕನಿಷ್ಠ 20 ಕೆಲಸದ ದಿನಗಳಲ್ಲಿ 100 ಗಂಟೆಗಳ ತರಗತಿ ಹಾಗೂ 60 ಗಂಟೆಗಳ ಕ್ಷೇತ್ರ ತರಬೇತಿಯನ್ನು ಒಳಗೊಂಡಿತ್ತು. ಬೆಂಗಳೂರಿನ ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರುವವರು ಒಂದು ವರ್ಷದ ಕೋರ್ಸು ಮಾಡಬೇಕಾದ ಅಗತ್ಯವಿಲ್ಲ.

(ಊ) ಸಮಾಜ ಸೇವಾ ಸಂಸ್ಥೆಗಳು: ಮಕ್ಕಳ ರಕ್ಷಣೆ, ಮಹಿಳಾ ಸಹಾಯ ಕೇಂದ್ರ, ಮಾನವ ಕಳ್ಳಸಾಗಣೆ ತಡೆ ಮುಂತಾದ ಕೆಲಸಗಳಲ್ಲಿ ಸಮಾಜಕಾರ್ಯ ಅಥವಾ ಕಾನೂನು ಪದವಿ ಹೊಂದಿದವರಿಗೆ ಆದ್ಯತೆ ಇರುತ್ತದೆ. ಅಂತಹ ಪದವಿ ಈಗಾಗಲೇ ಇದ್ದವರಿಗೆ ಮಾನ್ಯತೆ ಪಡೆದ ಸರ್ಟಿಫಿಕೇಟ್ ಸಂದರ್ಶನದಲ್ಲಿ ನೆರವಾಗಬಹುದು. ಈ ಪಟ್ಟಿಯಲ್ಲಿ ಪ್ರಮಾಣಪತ್ರಕ್ಕೆ ಸ್ಪಷ್ಟ ಉಪಯೋಗ ಕಾಣುವುದು ಇಲ್ಲಿಯೇ.

4. ವೆಚ್ಚವನ್ನು ಲೆಕ್ಕ ಹಾಕುವ ಕ್ರಮ

ಪ್ರಾಸ್ಪೆಕ್ಟಸ್‌ನಲ್ಲಿ ಮುದ್ರಿತವಾದ ಶುಲ್ಕವು ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ನೋಂದಣಿ, ಪರೀಕ್ಷಾ ಶುಲ್ಕ, ಪುಸ್ತಕ, ಪ್ರಯಾಣ, ಕಳೆದುಕೊಂಡ ದಿನಗೂಲಿ, ಸಾಲದ ಬಡ್ಡಿ ಇವೆಲ್ಲವನ್ನೂ ಸೇರಿಸತಕ್ಕದ್ದು. ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ ಕಲ್ಪಿಸಿದ ಉದಾಹರಣೆಯೊಂದನ್ನು ಇಲ್ಲಿ ಕೊಡಲಾಗಿದೆ. ಅಭ್ಯರ್ಥಿಗಳು ತಮ್ಮ ನಿಜವಾದ ಮೊತ್ತಗಳನ್ನು ಇದರ ಸ್ಥಾನದಲ್ಲಿ ಬರೆದುಕೊಳ್ಳಬೇಕು.

ಕೋರ್ಸು ಶುಲ್ಕ: ರೂ. 12,000/-
ಪುಸ್ತಕ ಮತ್ತು ಪರೀಕ್ಷಾ ಶುಲ್ಕ: ರೂ. 3,000/-
ಕೆಂಚಾರ್ಲಹಳ್ಳಿಯಿಂದ ತರಗತಿಗೆ 24 ಬಾರಿ ಪ್ರಯಾಣ, ಬಾರಿಗೆ ರೂ. 200/- ರಂತೆ: ರೂ. 4,800/-
ತರಗತಿ ಮತ್ತು ಪರೀಕ್ಷೆಗಾಗಿ ಬಿಟ್ಟ 30 ದಿನಗಳ ಕೂಲಿ, ದಿನಕ್ಕೆ ರೂ. 500/- ರಂತೆ: ರೂ. 15,000/-
ಒಟ್ಟು: ರೂ. 34,800/-

ಇದರಲ್ಲಿ ಅತಿ ದೊಡ್ಡ ಬಾಬ್ತು ಶುಲ್ಕವಲ್ಲ, ಕಳೆದುಹೋದ ಕೂಲಿ ಎಂಬುದು ಗಮನಾರ್ಹ. ಇನ್ನು ಈ ಮೊತ್ತದಲ್ಲಿ ರೂ. 30,000/- ಗಳನ್ನು ಊರಿನಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಸಾಲ ತಂದಲ್ಲಿ ತಿಂಗಳಿಗೆ ರೂ. 600/- ಬಡ್ಡಿಯಾಗುತ್ತದೆ. ಆರು ತಿಂಗಳ ಕೋರ್ಸು ಹಾಗೂ ಆರು ತಿಂಗಳ ಕೆಲಸದ ಹುಡುಕಾಟ ಮುಗಿಯುವ ವೇಳೆಗೆ ಬಡ್ಡಿ ರೂ. 7,200/- ಗಳಿಗೆ ಏರಿ ಒಟ್ಟು ವೆಚ್ಚ ರೂ. 42,000/- ಆಗುತ್ತದೆ.

ಪ್ರಮಾಣಪತ್ರದ ಕಾರಣದಿಂದ ಈಗಿನದಕ್ಕಿಂತ ತಿಂಗಳಿಗೆ ರೂ. 1,000/- ಹೆಚ್ಚು ದೊರೆಯುವ ಕೆಲಸ ಸಿಕ್ಕಿತೆಂದು ಭಾವಿಸಿದರೆ, ನಂತರದ ಬಡ್ಡಿಯನ್ನು ಲೆಕ್ಕಿಸದೆಯೇ, ಹಾಕಿದ ಹಣ ಮರಳಲು 42 ತಿಂಗಳು ಬೇಕು. ಅಂತಹ ಕೆಲಸ ಸಿಗುವ ಸಾಧ್ಯತೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಎಂದಾದಲ್ಲಿ ಸರಾಸರಿ ಹೆಚ್ಚುವರಿ ಗಳಿಕೆ ತಿಂಗಳಿಗೆ ರೂ. 500/- ಆಗಿ ಈ ಅವಧಿ 84 ತಿಂಗಳು, ಅಂದರೆ ಏಳು ವರ್ಷಗಳಾಗುತ್ತದೆ. ಸಂಬಳ ಎಷ್ಟು ಎಂದು ಕೇಳುವುದರ ಜೊತೆಗೆ, ಈ ಪ್ರಮಾಣಪತ್ರ ಇಲ್ಲದವರಿಗೂ ಅದೇ ಸಂಬಳ ದೊರೆಯುವುದೇ ಎಂದು ಕೇಳಬೇಕು. ಎರಡರ ನಡುವಣ ವ್ಯತ್ಯಾಸವೇ ಪ್ರಮಾಣಪತ್ರದ ಗಳಿಕೆ.

5. ವೆಚ್ಚವನ್ನು ಕಡಿಮೆ ಮಾಡುವ ಹಾಗೂ ಹೆಚ್ಚಿಸುವ ಅಂಶಗಳು

ದಿನಾಂಕ 11-6-2023ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ರಾಜ್ಯದೊಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮೇಲ್ಕಂಡ ಉದಾಹರಣೆಯಲ್ಲಿ ಮಹಿಳಾ ಅಭ್ಯರ್ಥಿಗೆ ಪ್ರಯಾಣದ ರೂ. 4,800/- ಬಹುಪಾಲು ಉಳಿತಾಯವಾಗಬಹುದು.

ಬಡ್ಡಿಯ ಹೊರೆಯನ್ನು ತಗ್ಗಿಸಲು ಬ್ಯಾಂಕ್ ಸಾಲವನ್ನು ಪರಿಶೀಲಿಸಬಹುದು. ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿಗೆ ಒಳಪಟ್ಟ ಕೋರ್ಸುಗಳಿಗೆ 2015ರ ಕೌಶಲ್ಯ ಸಾಲ ಯೋಜನೆಯಡಿ ರೂ. 5,000/- ದಿಂದ ರೂ. 1,50,000/- ವರೆಗೆ ಸಾಲದ ಅವಕಾಶವಿತ್ತು. 2024ರ ಪರಿಷ್ಕೃತ ಯೋಜನೆಯಲ್ಲಿ ಮಿತಿಯನ್ನು ರೂ. 7,50,000/- ಗಳಿಗೆ ಏರಿಸಲಾಯಿತು. ಬ್ಯಾಂಕು ಸಾಲ ನಿರಾಕರಿಸಿದಲ್ಲಿ ಅದರ ಕಾರಣವನ್ನು ಕೇಳಿ ತಿಳಿಯುವುದು ಒಳಿತು. ಕೋರ್ಸಿಗೆ ಮಾನ್ಯತೆ ಇಲ್ಲವೆಂಬ ಸಂಗತಿ ಆ ಮೂಲಕವೇ ಹೊರಬರಬಹುದು.

ಯುವನಿಧಿ ಭತ್ಯೆ ಪಡೆಯುತ್ತಿರುವವರು ವಿಶೇಷವಾಗಿ ಗಮನಿಸಬೇಕು. 2024ರ ಜನವರಿಯಲ್ಲಿ ಆರಂಭವಾದ ಈ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ರೂ. 3,000/-, ಡಿಪ್ಲೊಮಾ ಪಡೆದವರಿಗೆ ರೂ. 1,500/- ಗಳನ್ನು ಗರಿಷ್ಠ ಎರಡು ವರ್ಷ ನೀಡುವಂತೆ ನಿಗದಿಪಡಿಸಲಾಗಿದ್ದು, ಉನ್ನತ ವ್ಯಾಸಂಗ ಮುಂದುವರಿಸಿರುವವರು ಅರ್ಹರಲ್ಲ. ಸೇರಬೇಕೆಂದಿರುವ ಕೋರ್ಸು ಈ ಷರತ್ತಿನೊಳಗೆ ಬರುವುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳದಿದ್ದಲ್ಲಿ, ಪದವೀಧರರು ಆರು ತಿಂಗಳಲ್ಲಿ ರೂ. 18,000/- ಕಳೆದುಕೊಳ್ಳುವ ಸಂಭವವಿದೆ.

6. ವಯಸ್ಸೂ ಒಂದು ವೆಚ್ಚ

ಪೊಲೀಸ್ ನೇಮಕಾತಿಗೆ ಗರಿಷ್ಠ ವಯೋಮಿತಿ ಇರುತ್ತದೆ. ಅದನ್ನು ಆಯಾ ಅಧಿಸೂಚನೆಯಲ್ಲಿ ಪ್ರಕಟಿಸಲಾಗುತ್ತದೆ. ಅಗತ್ಯವಿಲ್ಲದ ಕೋರ್ಸಿನಲ್ಲಿ ಕಳೆದ ಒಂದು ವರ್ಷ ಈ ಮಿತಿಯೊಳಗಿನ ಒಂದು ವರ್ಷವೇ ಆಗಿರುತ್ತದೆ. ನೇಮಕಾತಿಯೂ ಪ್ರತಿ ಬಾರಿ ನಿರೀಕ್ಷಿಸಿದ ಕಾಲದಲ್ಲಿ ಮುಗಿಯುವುದಿಲ್ಲ. 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 3-10-2021ರಂದು ನಡೆದ ಲಿಖಿತ ಪರೀಕ್ಷೆಯು ಅಕ್ರಮದ ಕಾರಣ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 23-1-2024ರಂದು. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಆದುದರಿಂದ ಸಿದ್ಧತೆಯ ಅವಧಿಯಲ್ಲಿ ಕುಟುಂಬದ ಆದಾಯ ನಿಲ್ಲದಂತೆ ವ್ಯವಸ್ಥೆ ಮಾಡಿಕೊಳ್ಳುವುದು ವಿವೇಕ.

ಆದರೂ ಸರ್ಕಾರಿ ಹುದ್ದೆಯ ಗಳಿಕೆ ಕಡೆಗಣಿಸುವಂತಹುದಲ್ಲ. 2020ರ ಅಧಿಸೂಚನೆಗಳಲ್ಲಿ ನಾಗರಿಕ ಪೊಲೀಸ್ ಕಾನ್‌ಸ್ಟೇಬಲ್ ವೇತನ ಶ್ರೇಣಿ ರೂ. 23,500-47,650 ಇತ್ತು. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 1-8-2024ರಿಂದ ವೇತನ ಶ್ರೇಣಿಗಳು ಪರಿಷ್ಕೃತವಾಗಿ ರಾಜ್ಯ ನೌಕರರ ಕನಿಷ್ಠ ಮೂಲ ವೇತನ ರೂ. 17,000/- ದಿಂದ ರೂ. 27,000/- ಗಳಿಗೆ ಏರಿತು. ಆದರೆ ಈ ವೇತನವನ್ನು ತರುವುದು ಲಿಖಿತ ಪರೀಕ್ಷೆಯ ಅಂಕ ಹಾಗೂ ಮೈದಾನದ ಓಟವೇ ಹೊರತು ಕೋರ್ಸಿನ ಪ್ರಮಾಣಪತ್ರವಲ್ಲ. ಅದೇ ಆರು ತಿಂಗಳನ್ನು ಸಾಮಾನ್ಯ ಜ್ಞಾನದ ಅಭ್ಯಾಸಕ್ಕೂ ಬೆಳಗಿನ ಓಟಕ್ಕೂ ಮೀಸಲಿಡುವುದು ಈ ಗುರಿಗೆ ಹೆಚ್ಚು ಹತ್ತಿರದ ದಾರಿ.

7. ಹೆಚ್ಚು ಖರ್ಚಿಲ್ಲದ, ಆದರೆ ಹೆಚ್ಚು ಬೆಲೆಯುಳ್ಳ ಪ್ರಮಾಣಪತ್ರಗಳು

ಗ್ರಾಮೀಣ ಅಭ್ಯರ್ಥಿಗಳಿಗೆ ನೇಮಕಾತಿಯಲ್ಲಿ ನೇರವಾಗಿ ಉಪಯೋಗಕ್ಕೆ ಬರುವ ಪ್ರಮಾಣಪತ್ರಗಳು ಬೇರೆಯೇ ಇವೆ. ರಾಜ್ಯದ ನೇರ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25ರಷ್ಟು, ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 5ರಷ್ಟು ಸಮತಳ ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ಬಗ್ಗೆ ನಿಗದಿತ ನಮೂನೆಯಲ್ಲಿ ಶಾಲಾ ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ಪಡೆದು, ನಮೂನೆಯಲ್ಲಿ ಸೂಚಿಸಿರುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುರುಜು ಮಾಡಿಸತಕ್ಕದ್ದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಸಂಬಂಧಪಟ್ಟ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅಧಿಸೂಚನೆಯಲ್ಲಿ ತಿಳಿಸಿದ ದಿನಾಂಕದೊಳಗೆ ಇವುಗಳನ್ನು ಪಡೆಯದಿದ್ದಲ್ಲಿ ಮೀಸಲಾತಿಯ ಸೌಲಭ್ಯ ಕೈತಪ್ಪುತ್ತದೆ. ಆದುದರಿಂದ ಅಧಿಸೂಚನೆ ಹೊರಡುವವರೆಗೆ ಕಾಯದೆ ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುವುದು ಕ್ಷೇಮ.

ಕಾನೂನಿನ ಅರಿವೇ ಉದ್ದೇಶವಾಗಿದ್ದಲ್ಲಿ ಅದಕ್ಕೂ ಉಚಿತ ಮಾರ್ಗಗಳಿವೆ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕೆ ಮಾತ್ರ ಶುಲ್ಕವಿರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹಾಗೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಕಾರ್ಯನಿರ್ವಹಿಸುತ್ತವೆ. ಅರೆ ಕಾನೂನು ಸ್ವಯಂಸೇವಕರಾಗಿ ಆಯ್ಕೆಯಾದವರಿಗೆ ತರಬೇತಿ ನೀಡಲಾಗುತ್ತದೆ. ಇದು ಉದ್ಯೋಗವಲ್ಲ; ಕೆಲಸ ಮಾಡಿದ ದಿನಗಳಿಗೆ ಗೌರವಧನ ಮಾತ್ರ ಇರುತ್ತದೆ. ಆದರೆ ನೆರೆಹೊರೆಯವರಿಗೆ ದೂರು ಬರೆಯಲು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಲು, ಉಚಿತ ವಕೀಲರ ನೆರವಿಗೆ ಅರ್ಜಿ ಹಾಕಲು ಸಹಾಯ ಮಾಡುವ ಈ ಕೆಲಸದಿಂದ ದೊರೆಯುವ ಅನುಭವವು ಮುಂದೆ ಸಮಾಜ ಸೇವಾ ಸಂಸ್ಥೆಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಕಾನೂನು ನೆರವಿನ ಉಚಿತ ದೂರವಾಣಿ ಸಂಖ್ಯೆ 15100.

8. ಎಚ್ಚರಿಕೆ ವಹಿಸಬೇಕಾದ ಸಂದರ್ಭಗಳು

'ಕೋರ್ಸು ಮುಗಿಸಿದರೆ ಕೆಲಸ ಖಚಿತ' ಎಂಬ ಜಾಹೀರಾತನ್ನು ನಂಬಬಾರದು. ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದ್ದು, ಆಯ್ಕೆ ಅಥವಾ ಉದ್ಯೋಗದ ಸುಳ್ಳು ಭರವಸೆಗಳನ್ನು ಅವು ನಿಷೇಧಿಸುತ್ತವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಹಣ ಕಟ್ಟಿದ ರಸೀದಿ, ಜಾಹೀರಾತಿನ ಪ್ರತಿ ಹಾಗೂ ಪತ್ರ ವ್ಯವಹಾರವನ್ನು ಕಾಪಾಡಿಕೊಳ್ಳಬೇಕು.

ಕೆಲವು ಖಾಸಗಿ ಸಂಘಟನೆಗಳು ಅಪರಾಧ ತಡೆ ಅಥವಾ ಮಾನವ ಹಕ್ಕುಗಳ ಹೆಸರಿನಲ್ಲಿ ಪ್ರಮಾಣಪತ್ರದೊಂದಿಗೆ ಸರ್ಕಾರಿ ಗುರುತಿನ ಚೀಟಿಯನ್ನು ಹೋಲುವ ಕಾರ್ಡನ್ನೂ ನೀಡುವುದುಂಟು. ಅಂತಹ ಕಾರ್ಡಿನಿಂದ ತನಿಖೆ ಮಾಡುವ, ವಾಹನ ತಡೆಯುವ ಅಥವಾ ದಂಡ ವಸೂಲು ಮಾಡುವ ಯಾವ ಅಧಿಕಾರವೂ ಬರುವುದಿಲ್ಲ. ಸರ್ಕಾರಿ ನೌಕರನೆಂದು ಸುಳ್ಳು ಹೇಳಿ ಆ ಅಧಿಕಾರವನ್ನು ಚಲಾಯಿಸಿದಲ್ಲಿ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನಡಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಕಾರಾವಾಸ ಮತ್ತು ದಂಡ ವಿಧಿಸಬಹುದಾಗಿದೆ. ಹಣ ಕೊಟ್ಟು ಪಡೆದ ಕಾರ್ಡು ಮೊಕದ್ದಮೆಗೆ ದಾರಿಯಾದರೆ ಪೊಲೀಸ್ ಹುದ್ದೆಯ ಆಸೆಯೂ ಅಲ್ಲಿಗೇ ಮುಗಿಯಬಹುದು, ಏಕೆಂದರೆ ನೇಮಕಾತಿಗೆ ಮುನ್ನ ಅಭ್ಯರ್ಥಿಯ ಪೂರ್ವಾಪರ ಪರಿಶೀಲನೆ ನಡೆಯುತ್ತದೆ.

9. ನಿರ್ಧಾರಕ್ಕೆ ಮಾರ್ಗದರ್ಶನ

ಮೇಲ್ಕಂಡ ವಿವರಗಳ ಆಧಾರದ ಮೇಲೆ ಅಭ್ಯರ್ಥಿಗಳನ್ನು ಮೂರು ವರ್ಗಗಳಾಗಿ ನೋಡಬಹುದು.

ಕಾನೂನು, ಸಮಾಜಕಾರ್ಯ ಅಥವಾ ಪತ್ರಿಕೋದ್ಯಮದ ಪದವಿ ಹೊಂದಿ, ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವರಿಗೆ ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದ ಕೋರ್ಸು ಉಪಯುಕ್ತ. ದೂರಶಿಕ್ಷಣದಲ್ಲಿ ಓದಿದರೆ ಅವರ ಕೂಲಿಯಾಗಲಿ ಸಂಬಳವಾಗಲಿ ನಷ್ಟವಾಗುವುದಿಲ್ಲ.

ಕಾನ್‌ಸ್ಟೇಬಲ್ ಅಥವಾ ಸಬ್ ಇನ್ಸ್‌ಪೆಕ್ಟರ್ ಹುದ್ದೆಯೇ ಗುರಿಯಾಗಿರುವವರಿಗೆ ಈ ಕೋರ್ಸು ಅನಿವಾರ್ಯವಲ್ಲ. ಅವರು ಮೂಲ ವಿದ್ಯಾರ್ಹತೆ, ಮೀಸಲಾತಿ ಪ್ರಮಾಣಪತ್ರಗಳು, ಲಿಖಿತ ಹಾಗೂ ದೈಹಿಕ ಪರೀಕ್ಷೆಯ ಸಿದ್ಧತೆಗೆ ಮೊದಲ ಸ್ಥಾನ ನೀಡಬೇಕು.

ಪಿ.ಯು.ಸಿ. ನಂತರ ಓದು ನಿಲ್ಲಿಸಿ, ಸಾಲ ಮಾಡಿ ಖಾಸಗಿ ಸಂಸ್ಥೆಯ ಕೋರ್ಸಿಗೆ ಸೇರಲು ಯೋಚಿಸುತ್ತಿರುವವರಿಗೆ ನಷ್ಟದ ಸಂಭವ ಹೆಚ್ಚು. ಅದೇ ಹಣವನ್ನು ಸರ್ಕಾರಿ ಕಾಲೇಜಿನಲ್ಲಿ ಪದವಿ ಪೂರೈಸಲು ಬಳಸಿದಲ್ಲಿ ಸಬ್ ಇನ್ಸ್‌ಪೆಕ್ಟರ್ ಹುದ್ದೆಯೂ ಸೇರಿದಂತೆ ಪದವಿ ಆಧಾರಿತ ಎಲ್ಲ ನೇಮಕಾತಿಗಳಿಗೆ ಅರ್ಜಿ ಸಲ್ಲಿಸುವ ಅರ್ಹತೆ ಲಭಿಸುತ್ತದೆ.

ಹಣ ಪಾವತಿಸುವ ಮುನ್ನ ಅಭ್ಯರ್ಥಿಗಳು ಕೇಳಿ, ಸಾಧ್ಯವಾದಲ್ಲಿ ಲಿಖಿತವಾಗಿ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಇಂತಿವೆ:

1) ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾನಿಲಯದ ಮೊಹರು ಇರುತ್ತದೆ? ಈ ವರ್ಷಕ್ಕೆ ಮಾನ್ಯತೆ ಇದೆಯೇ?
2) ಪಠ್ಯಕ್ರಮದಲ್ಲಿ 1-7-2024ರಿಂದ ಜಾರಿಯಲ್ಲಿರುವ ಕಾನೂನುಗಳು ಸೇರಿವೆಯೇ?
3) ಯಾವ ನೇಮಕಾತಿ ನಿಯಮದಲ್ಲಿ ಈ ಪ್ರಮಾಣಪತ್ರವನ್ನು ಅರ್ಹತೆಯೆಂದು ನಮೂದಿಸಲಾಗಿದೆ?
4) ಪರೀಕ್ಷಾ ಶುಲ್ಕವೂ ಸೇರಿ ಒಟ್ಟು ಎಷ್ಟು ಪಾವತಿಸಬೇಕು? ಮಧ್ಯದಲ್ಲಿ ಬಿಟ್ಟರೆ ಎಷ್ಟು ಮರಳಿ ದೊರೆಯುತ್ತದೆ?

ಮೂರನೆಯ ಪ್ರಶ್ನೆಗೆ ಸಂಸ್ಥೆಯು ಅಧಿಸೂಚನೆಯ ಪ್ರತಿಯನ್ನು ತೋರಿಸಲಾಗದಿದ್ದಲ್ಲಿ, ಆ ಪ್ರಮಾಣಪತ್ರವನ್ನು ಜ್ಞಾನಕ್ಕಾಗಿ ಪಡೆಯಬಹುದೇ ಹೊರತು ಉದ್ಯೋಗದ ಭರವಸೆಯಿಂದ ಸಾಲ ಮಾಡಿ ಪಡೆಯತಕ್ಕದ್ದಲ್ಲ.